ಕ್ಯಾಮೆರಾ ಮಕ್ಕಳ ಕಡೆಗಿದೆ. ಮಕ್ಕಳ ಕೈಗೆ ಬರುವುದು ಯಾವಾಗ?

ನಮ್ಮ ಹೈಸ್ಕೂಲುಗಳಲ್ಲಿ ಕ್ಯಾಮೆರಾಗಳಿಗೆ ಬರವೇನಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸಿಸಿಟಿವಿ ಕಣ್ಗಾವಲಿನ ಜೊತೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರಲ್ಲಿ ಮುಖ ಗುರುತಿಸುವ ತಂತ್ರಜ್ಞಾನದಿಂದ ಹಾಜರಾತಿ ಹಾಕುವ ಪ್ರಸ್ತಾಪ ಸುದ್ದಿಯಾಯಿತು. ಇನ್ನು ದಿನನಿತ್ಯದ್ದು ಇದ್ದೇ ಇದೆ. ಯಾವುದೋ ಸಪ್ತಾಹ ಆಚರಿಸಿದರೆ ಫೋಟೊ ಅಪ್‌ಲೋಡ್ ಮಾಡಬೇಕು. ದಾನಿಗಳು ಬಂದು ನೋಟ್‌ಬುಕ್ ಹಂಚಿದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ. ಈ ಯಾವ ಫೋಟೊಗೂ ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಲ್ಲ.

ಎಲ್ಲ ಕ್ಯಾಮೆರಾಗಳೂ ಮಕ್ಕಳ ಕಡೆಗೆ ತಿರುಗಿವೆ. ಮಕ್ಕಳ ಕೈಗೆ ಮಾತ್ರ ಒಂದೂ ಬಂದಿಲ್ಲ. ಶಾಲೆಗೆ ಮೊಬೈಲ್ ತಂದರೆ ಹೆಡ್‌ಮಾಸ್ಟರ ಕಪಾಟು ಸೇರುತ್ತೆ, ಪೋಷಕರನ್ನು ಕರೆಸುತ್ತಾರೆ. ಡಿಜಿಟಲ್ ಫೋಟೊಗ್ರಫಿಯನ್ನು ಹೈಸ್ಕೂಲಿನಲ್ಲಿ ಒಂದು ಪಾಠವಾಗಿ ಕಲಿಸಬೇಕು ಅಂದರೆ ಬಹಳಷ್ಟು ಜನ ನಗುತ್ತಾರೆ. ಗಣಿತಕ್ಕೇ ಮೇಷ್ಟ್ರಿಲ್ಲ, ಇದೊಂದು ಶೋಕಿ ಬೇರೆ ಕೇಡು ಅನ್ನುತ್ತಾರೆ. ಆ ನಗುವಿಗೆ ಉತ್ತರ ಕೊಡೋಣ. ಇದು ಹವ್ಯಾಸದ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇಲ್ಲಿರುವುದು ಯಾರು ಯಾರನ್ನು ನೋಡಬಹುದು, ಯಾರು ಸಾಕ್ಷಿ ಹೇಳಬಹುದು ಅನ್ನುವ ಪ್ರಶ್ನೆ.

ಫೋನ್ ಬಂತು, ಪಾಠ ಬರಲಿಲ್ಲ

ಮೊದಲು ಅಂಕಿಅಂಶ ನೋಡಿ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಬಗ್ಗೆ ಪ್ರಥಮ್ ಸಂಸ್ಥೆ ಹೊರತರುವ ಅಸರ್ 2024ರ ವರದಿಯ ಪ್ರಕಾರ, 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಫೋನ್ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಸೋಷಿಯಲ್ ಮೀಡಿಯಾ ಬಳಸುವವರಲ್ಲಿ ತಮ್ಮ ಪ್ರೊಫೈಲನ್ನು ಪ್ರೈವೇಟ್ ಮಾಡಿಕೊಳ್ಳಲು ಗೊತ್ತಿದ್ದವರು ಶೇ 55 ಮಾತ್ರ.

ಅಂದರೆ ಒಂಬತ್ತನೇ ಕ್ಲಾಸಿನ ಹುಡುಗ ಹುಡುಗಿಯರು ಈಗಾಗಲೇ ಫೋಟೊ ತೆಗೆಯುತ್ತಿದ್ದಾರೆ, ಹಾಕುತ್ತಿದ್ದಾರೆ, ಫಾರ್ವರ್ಡ್ ಮಾಡುತ್ತಿದ್ದಾರೆ. ಅವರಿಗೆ ಇದನ್ನು ಕಲಿಸುತ್ತಿರುವುದು ರೀಲ್ಸ್‌ನ ಅಲ್ಗಾರಿದಮ್. ಶಾಲೆ ಮಾತ್ರ ಕಣ್ಣು ಮುಚ್ಚಿ ಕೂತಿದೆ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 36ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಅದು ಶೇ 27. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಅಣ್ಣನ ಕೈಯಲ್ಲೇ ಇರುತ್ತೆ ಅನ್ನುವುದು ಹೊಸ ವಿಷಯವೇನಲ್ಲ. ಶಾಲೆಯಲ್ಲೂ ಕ್ಯಾಮೆರಾ ಸಿಗದಿದ್ದರೆ ಆ ಹುಡುಗಿ ಜೀವನವಿಡೀ ಫೋಟೊದಲ್ಲಿ ಇರುವವಳಾಗೇ ಉಳಿಯುತ್ತಾಳೆ, ತೆಗೆಯುವವಳಾಗುವುದಿಲ್ಲ.

ಫೋಟೊ ಸುಳ್ಳು ಹೇಳಲ್ಲ ಅನ್ನುವ ಸುಳ್ಳು

ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುವ, ಆದರೆ ಹೊರಗೆ ಯಾರಿಗೂ ಅಷ್ಟಾಗಿ ಹೇಳದ ಒಂದು ಸಂಗತಿಯಿದೆ. ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೆ ಸ್ವತಃ ಬಣ್ಣ ಕಾಣುವುದಿಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದೊಂದು ಫಿಲ್ಟರ್ ಇಡುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು, ಇವತ್ತಿಗೂ ಬಹುಪಾಲು ಫೋನುಗಳಲ್ಲಿ ಇರುವುದು ಇದೇ ತತ್ವ. ಒಂದು ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣವನ್ನು. ಉಳಿದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿಕೊಂಡು ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬುತ್ತದೆ. ನಿಮ್ಮ ಗ್ಯಾಲರಿಯಲ್ಲಿರುವ ಅತ್ಯಂತ ಪ್ರಾಮಾಣಿಕ ಫೋಟೊದಲ್ಲೂ ಬಣ್ಣದ ಮಾಹಿತಿಯ ಮೂರನೇ ಎರಡು ಭಾಗ ಅಂದಾಜಿನ ಲೆಕ್ಕ.

ಇದರ ಮೇಲೆ ಈಗ ಇನ್ನೂ ಹಲವು ಪದರ ಬಂದಿದೆ. ನೈಟ್ ಮೋಡ್‌ನಲ್ಲಿ ಒಂದೇ ಸಲ ಬಟನ್ ಒತ್ತಿದರೂ ಫೋನ್ ಹಲವು ಫ್ರೇಮ್ ತೆಗೆದು ಒಂದಾಗಿ ಹೊಲಿಯುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ಫೋನುಗಳು ಚಂದ್ರನ ಮಬ್ಬು ಚಿತ್ರಕ್ಕೆ ಅದರಲ್ಲಿ ಇಲ್ಲದ ವಿವರಗಳನ್ನು ತಾವೇ ಸೇರಿಸುತ್ತಿವೆ ಎಂದು ಬಳಕೆದಾರರೊಬ್ಬರು ಪ್ರಯೋಗ ಮಾಡಿ ತೋರಿಸಿದ್ದು ದೊಡ್ಡ ಚರ್ಚೆಯಾಗಿತ್ತು. ಹಾಗಾದರೆ ಫೋಟೊ ಅಂದರೇನು? ಎಲ್ಲಿಯವರೆಗಿನ ತಿದ್ದುಪಡಿ ಸರಿ, ಎಲ್ಲಿಂದ ಮೋಸ?

ಈ ಪ್ರಶ್ನೆ ಚಂದ್ರನಿಗಷ್ಟೇ ಸೀಮಿತವಾಗಿದ್ದರೆ ಪರವಾಗಿರಲಿಲ್ಲ. 2023ರ ಮೇ 28 ನೆನಪಿಸಿಕೊಳ್ಳಿ. ದೆಹಲಿಯಲ್ಲಿ ಹೊಸ ಸಂಸತ್ ಭವನ ಉದ್ಘಾಟನೆಯಾದ ದಿನ, ಪ್ರತಿಭಟಿಸುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ಎತ್ತಿ ವಾಹನಕ್ಕೆ ಹಾಕಿದರು. ವಾಹನದೊಳಗೆ ವಿನೇಶ್ ಫೋಗಟ್, ಸಂಗೀತಾ ಫೋಗಟ್ ಇದ್ದ ಸೆಲ್ಫಿಯೊಂದು ಕೆಲವೇ ಗಂಟೆಗಳಲ್ಲಿ ಹರಿದಾಡಿತು. ಅದರಲ್ಲಿ ಇಬ್ಬರೂ ನಗುತ್ತಿದ್ದರು. ಮೂಲ ಚಿತ್ರದಲ್ಲಿ ಅವರು ನಕ್ಕಿರಲೇ ಇಲ್ಲ. ಆ ನಗುವನ್ನು ಆ್ಯಪ್ ಅಂಟಿಸಿತ್ತು. ಫ್ಯಾಕ್ಟ್‌ಚೆಕ್ ಬರುವ ಹೊತ್ತಿಗೆ ‘ನೋಡಿ, ಪ್ರತಿಭಟನೆ ಎಲ್ಲ ನಾಟಕ’ ಅನ್ನುವ ಕಥೆ ಊರೆಲ್ಲ ಸುತ್ತಿ ಬಂದಾಗಿತ್ತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ಬಂತು. ನಟಿಗೆ ಹಾಗಾದರೆ ಸುದ್ದಿಯಾಗುತ್ತೆ. ಹೈಸ್ಕೂಲ್ ಹುಡುಗಿಗೆ ಹಾಗಾದರೆ ಅವಳ ಓದೇ ನಿಂತುಹೋಗಬಹುದು.

ಫ್ಯಾಕ್ಟ್‌ಚೆಕ್ ತಂಡಗಳು ಎಷ್ಟಿದ್ದರೂ ಸಾಲುವುದಿಲ್ಲ. ತಾನೇ ಒಂದು ಫೋಟೊವನ್ನು ಕ್ರಾಪ್ ಮಾಡಿ ಅರ್ಥ ಬದಲಾಗುವುದನ್ನು ನೋಡಿದ ಮಗು, ತಾನೇ ಬಣ್ಣ ತಿದ್ದಿ ಹಗಲನ್ನು ಸಂಜೆ ಮಾಡಿದ ಮಗು, ಮುಂದೆ ಯಾವ ಫೋಟೊವನ್ನೂ ಸುಲಭಕ್ಕೆ ನಂಬುವುದಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಮಸೂರವಿದೆ, ವಕ್ರೀಭವನವಿದೆ, ಮನುಷ್ಯನ ಕಣ್ಣಿನ ಪಾಠವಿದೆ. ಸೂತ್ರವನ್ನು ಬಾಯಿಪಾಠ ಮಾಡಿಸಿ ಬಿಡುತ್ತೇವೆ. ಅಲ್ಲಿಂದ ಒಂದೇ ಹೆಜ್ಜೆ ಮುಂದೆ ಇಟ್ಟರೆ ಕ್ಯಾಮೆರಾ ಸಿಗುತ್ತದೆ.

ಮಗು ಕ್ಯಾಮೆರಾ ತಿರುಗಿಸಿದಾಗ

2022ರ ಆಗಸ್ಟ್. ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ಒಬ್ಬ ಹುಡುಗ ಕೋಲಿಗೆ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ ಮೈಕ್ ಮಾಡಿಕೊಂಡ. ತನ್ನ ಸರ್ಕಾರಿ ಶಾಲೆಯ ಪಾಳುಬಿದ್ದ ಸ್ಥಿತಿಯನ್ನು ವರದಿಗಾರನಂತೆ ತೋರಿಸುತ್ತಾ ವಿಡಿಯೊ ಮಾಡಿದ. ವಿಡಿಯೊ ದೇಶವೆಲ್ಲ ಹರಡಿತು, ಶಿಕ್ಷಕರು ಅಮಾನತಾದರು. ತಪಾಸಣೆಗೆ ಅಧಿಕಾರಿಗಳಿರುವ ವ್ಯವಸ್ಥೆಯಲ್ಲಿ ಕೆಲಸ ಆಗಿದ್ದು ಒಂದು ಬಾಟಲಿ ಮತ್ತು ಒಂದು ಫೋನಿನಿಂದ.

ಆದರೆ ಎಲ್ಲ ಸಲವೂ ಹೀಗಾಗಲ್ಲ. 2019ರಲ್ಲಿ ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಮಕ್ಕಳಿಗೆ ಬಿಸಿಯೂಟದಲ್ಲಿ ರೊಟ್ಟಿ ಜೊತೆ ಉಪ್ಪು ಕೊಟ್ಟಿದ್ದನ್ನು ಚಿತ್ರೀಕರಿಸಿದ ಪತ್ರಕರ್ತ ಪವನ್ ಜೈಸ್ವಾಲ್ ಮೇಲೆ ಪಿತೂರಿಯ ಕೇಸು ಬಿತ್ತು. ಪ್ರಿಂಟ್ ಪತ್ರಕರ್ತನಾದವನು ಫೋಟೊ ತೆಗೆಯಬಹುದಿತ್ತು, ವಿಡಿಯೊ ಯಾಕೆ ಮಾಡಿದ ಎಂಬರ್ಥದಲ್ಲಿ ಜಿಲ್ಲಾಧಿಕಾರಿ ಪ್ರಶ್ನಿಸಿದ್ದರು! ಆಮೇಲೆ ಪೊಲೀಸರೇ ಅವರಿಗೆ ಕ್ಲೀನ್ ಚಿಟ್ ಕೊಟ್ಟರು. ನಮ್ಮಲ್ಲೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಜಗತ್ತಿಗೆ ಗೊತ್ತಾಗಿದ್ದು ವಿಡಿಯೊ ಹೊರಬಿದ್ದ ಮೇಲೆ. ಆ ವಿಡಿಯೊ ಇಲ್ಲದಿದ್ದರೆ ಆ ಮಕ್ಕಳ ಮಾತನ್ನು ಯಾರು ನಂಬುತ್ತಿದ್ದರು?

ಅಧಿಕಾರಕ್ಕೆ ಕ್ಯಾಮೆರಾ ಕಂಡರೆ ಭಯವಿಲ್ಲ. ಕ್ಯಾಮೆರಾ ಯಾರ ಕೈಯಲ್ಲಿದೆ ಅನ್ನುವುದರ ಭಯವಿದೆ.

ಶ್ರೀಮಂತರಿಗೆ ಕಲೆ, ಬಡವರಿಗೆ ಕಸುಬು

ಬೆಂಗಳೂರಿನ ದುಬಾರಿ ಅಂತರರಾಷ್ಟ್ರೀಯ ಶಾಲೆಗಳು ಅನುಸರಿಸುವ ಕೇಂಬ್ರಿಡ್ಜ್ ಐಜಿಸಿಎಸ್‌ಇ ಪಠ್ಯಕ್ರಮದ ಆರ್ಟ್ ಅಂಡ್ ಡಿಸೈನ್ ವಿಷಯದಲ್ಲಿ ಫೋಟೊಗ್ರಫಿಯನ್ನು ಆಯ್ದುಕೊಳ್ಳುವ ಅವಕಾಶವಿದೆ. ಅಲ್ಲಿ ಅದು ‘ನಿನ್ನ ದೃಷ್ಟಿ ಏನು’ ಅಂತ ಕೇಳುವ ಕಲೆ. ನಮ್ಮ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಅಡಿ ವೃತ್ತಿ ವಿಷಯಗಳಿವೆ: ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಹೀಗೆ. ಇವೆಲ್ಲ ಬೇಕು, ತಕರಾರಿಲ್ಲ. ಆದರೆ ಒಂದು ವರ್ಗದ ಮಗುವಿಗೆ ‘ನೀನು ಜಗತ್ತನ್ನು ಹೇಗೆ ನೋಡುತ್ತೀಯ’ ಅಂತ ಕೇಳಿ, ಇನ್ನೊಂದು ವರ್ಗದ ಮಗುವಿಗೆ ‘ನೀನು ಯಾವ ಕೆಲಸಕ್ಕೆ ಬರುತ್ತೀಯ’ ಅಂತ ಮಾತ್ರ ಕೇಳುವುದು ಶಿಕ್ಷಣವಲ್ಲ, ವರ್ಗ ವಿಂಗಡಣೆ. ಫೋಟೊಗ್ರಫಿ ನಾಳೆ ಸರ್ಕಾರಿ ಶಾಲೆಗೆ ಬಂದರೂ ಮದುವೆ ಸ್ಟುಡಿಯೊಗೆ ಸಹಾಯಕರನ್ನು ತಯಾರು ಮಾಡುವ ಕೋರ್ಸಾಗಿ ಬರುವ ಅಪಾಯ ಇದ್ದೇ ಇದೆ.

ಬೇರೆ ದಾರಿ ಹೇಗಿರಬಹುದು ಅನ್ನುವುದಕ್ಕೆ ಪಕ್ಕದ ಚೆನ್ನೈ ನೋಡಿ. ಮೀನು ಮಾರುವ ತಾಯಿಯ ಮಗ ಎಂ. ಪಳನಿ ಕುಮಾರ್ ಇವತ್ತು ‘ಪರಿ’ ಜಾಲತಾಣದ ಛಾಯಾಗ್ರಾಹಕ. ಮಲ ಹೊರುವ ಪದ್ಧತಿಯಲ್ಲಿ ಸಿಕ್ಕಿಕೊಂಡವರ ಬದುಕು, ಸಾವನ್ನು ದಾಖಲಿಸಿದವರು. ಅವರು ಪೌರಕಾರ್ಮಿಕರ, ಮೀನುಗಾರರ ಮಕ್ಕಳಿಗೆ ಫೋಟೊಗ್ರಫಿ ಕಲಿಸುತ್ತಾರೆ. ಆ ಮಕ್ಕಳು ತೆಗೆಯುವುದು ತಮ್ಮದೇ ಮನೆಯ, ತಮ್ಮದೇ ಅಮ್ಮನ ಕೆಲಸದ ಫೋಟೊಗಳನ್ನು. ಹೊರಗಿನಿಂದ ಬಂದವರು ತೆಗೆದರೆ ಆ ಅಮ್ಮ ‘ಬಡ ಮಹಿಳೆ’ ಆಗುತ್ತಾಳೆ. ಮಗಳು ತೆಗೆದರೆ ಅಮ್ಮ ಅಮ್ಮನಾಗೇ ಇರುತ್ತಾಳೆ.

ನಮ್ಮಲ್ಲಿ ಈ ಪರಂಪರೆ ಇಲ್ಲವೆಂದಲ್ಲ. 1923ರಲ್ಲಿ ಹುಟ್ಟಿದ ಮೈಸೂರಿನ ಟಿ.ಎಸ್. ಸತ್ಯನ್ ದೇಶ ಕಂಡ ದೊಡ್ಡ ಫೋಟೊ ಪತ್ರಕರ್ತರಲ್ಲಿ ಒಬ್ಬರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಎಷ್ಟು ಹೈಸ್ಕೂಲ್ ಮಕ್ಕಳಿಗೆ ಈ ಹೆಸರು ಗೊತ್ತು?

ಆಕ್ಷೇಪಗಳು, ಮತ್ತು ಒಂದು ಖಾಲಿ ಪೀರಿಯಡ್

‘ಹುಡುಗರ ಕೈಗೆ ಕ್ಯಾಮೆರಾ ಕೊಟ್ಟರೆ ಹುಡುಗಿಯರ ಫೋಟೊ ತೆಗೀತಾರೆ’ ಅನ್ನುವುದು ಮೊದಲ ಆಕ್ಷೇಪ. ಈ ಭಯ ಸುಳ್ಳಲ್ಲ. ಆದರೆ ಅವರು ಈಗಲೂ ತೆಗೆಯುತ್ತಿದ್ದಾರೆ, ಯಾರೂ ತಡೆಯುತ್ತಿಲ್ಲ, ಯಾರೂ ಹೇಳುತ್ತಿಲ್ಲ. ಒಪ್ಪಿಗೆ ಅನ್ನುವ ಪದವನ್ನು ಕಲಿಸಲು ಫೋಟೊ ಪಾಠಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ‘ತೆಗೆಯಲಾ?’ ಅಂತ ಕೇಳು, ಬೇಡ ಅಂದರೆ ಫೋನ್ ಕೆಳಗಿಡು, ತೆಗೆದದ್ದನ್ನು ತೋರಿಸು, ಅಳಿಸು ಅಂದರೆ ಅಳಿಸು. ಅಪ್ರಾಪ್ತರ ಅಶ್ಲೀಲ ಚಿತ್ರ ಹಂಚಿದರೆ ಐಟಿ ಕಾಯ್ದೆಯ 67ಬಿ ಕಲಂ ಅಡಿ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇದೆ ಅನ್ನುವುದು ಹುಡುಗರಿಗೆ ಗೊತ್ತಾಗಬೇಕಾದ್ದು ಕ್ಲಾಸಿನಲ್ಲಿ, ಸ್ಟೇಷನ್ನಿನಲ್ಲಲ್ಲ.

ಒಪ್ಪಿಗೆಯ ಪಾಠ ದೊಡ್ಡವರಿಗೂ ಬೇಕು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಶಾಲಾ ಗೇಟುಗಳ ಮುಂದೆ ವಿದ್ಯಾರ್ಥಿನಿಯರು, ಶಿಕ್ಷಕಿಯರು ಬುರ್ಖಾ ತೆಗೆಯುತ್ತಿದ್ದುದನ್ನು ಟಿವಿ ಕ್ಯಾಮೆರಾಗಳು ಮುತ್ತಿಕೊಂಡು ಚಿತ್ರೀಕರಿಸಿದವು. ಅದನ್ನು ತೆಗೆದವರು ತರಬೇತಿ ಪಡೆದ ವೃತ್ತಿಪರರು. ಕ್ಯಾಮೆರಾ ಹಿಡಿಯುವ ಕೌಶಲ ಇತ್ತು, ಕ್ಯಾಮೆರಾ ಇಳಿಸುವ ವಿವೇಕ ಇರಲಿಲ್ಲ.

ಎರಡನೇ ಆಕ್ಷೇಪ ದುಡ್ಡು. ಡಿಎಸ್‌ಎಲ್‌ಆರ್ ಬೇಕಿಲ್ಲ. ಶಾಲೆಯ ಹೆಸರಲ್ಲಿ ಐದಾರು ಸಾಧಾರಣ ಫೋನುಗಳು, ಸಿಮ್ ಇಲ್ಲದೆ, ಸೋಷಿಯಲ್ ಮೀಡಿಯಾ ಆ್ಯಪ್ ಇಲ್ಲದೆ. ಗುಂಪಿಗೊಂದು. ಲೊಕೇಶನ್ ಆನ್ ಇದ್ದರೆ ಫೋಟೊ ಫೈಲಿನೊಳಗೆ ಜಾಗದ ಗುರುತೂ ಕೂತಿರುತ್ತೆ ಅನ್ನುವುದನ್ನು ತೋರಿಸಲಿಕ್ಕೂ ಇಷ್ಟು ಸಾಕು. ರಿವರ್ಸ್ ಇಮೇಜ್ ಸರ್ಚ್ ಮಾಡಲು ಶಾಲೆಯ ಒಂದು ಕಂಪ್ಯೂಟರ್ ಸಾಕು. ತಾನು ತೆಗೆದ ಫೋಟೊದ ಹಕ್ಕು ಸಾಮಾನ್ಯವಾಗಿ ತನ್ನದೇ, ಪ್ರಕಟವಾದ ಮೇಲೆ 60 ವರ್ಷ ಇರುತ್ತೆ ಅಂತ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ ಅನ್ನುವುದನ್ನು ಹೇಳಲು ಸೀಮೆಸುಣ್ಣ ಸಾಕು.

ಮೂರನೇ ಆಕ್ಷೇಪ ಸಮಯ. ಇಲ್ಲೇ ಒಂದು ರಾಜಕೀಯ ಅವಕಾಶವಿದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ನಾವೆಲ್ಲ ಹಿಂದಿ ಬೇಕಾ ಬೇಡವಾ ಅಂತ ಜಗಳ ಆಡಿದೆವು, ಆಡಲೇಬೇಕಿತ್ತು. ಆದರೆ ಮೂರನೇ ಭಾಷೆ ಹೋದರೆ ವೇಳಾಪಟ್ಟಿಯಲ್ಲಿ ತೆರವಾಗುವ ಪೀರಿಯಡ್‌ಗಳಿಗೆ ಏನು ತುಂಬಬೇಕು ಅನ್ನುವ ಬಗ್ಗೆ ಅಷ್ಟೇ ಜೋರಾದ ಚರ್ಚೆ ಕೇಳಿಸುತ್ತಿಲ್ಲ. ನಾವು ಸುಮ್ಮನಿದ್ದರೆ ಅದನ್ನು ಇನ್ನೊಂದು ಟೆಸ್ಟ್ ಸರಣಿ ನುಂಗುತ್ತದೆ. ವಾರಕ್ಕೆ ಒಂದೇ ಒಂದು ಪೀರಿಯಡ್ ಚಿತ್ರಗಳನ್ನು ಓದುವುದಕ್ಕೆ, ತೆಗೆಯುವುದಕ್ಕೆ ಕೊಡಿ ಅಂತ ವಿದ್ಯಾರ್ಥಿ ಸಂಘಟನೆಗಳು, ಎಸ್‌ಡಿಎಂಸಿಗಳು ಈಗಲೇ ಕೇಳಬೇಕು.

ಆ ಪೀರಿಯಡ್ಡಿನ ಮೊದಲ ಅಸೈನ್‌ಮೆಂಟ್ ಏನಿರಬೇಕು ಅಂತ ಕೇಳಿದರೆ ನನ್ನ ಸಲಹೆ ಇಷ್ಟೇ. ಶಾಲೆಯ ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಬಿಸಿಯೂಟದ ತಟ್ಟೆ, ಮಳೆ ಬಂದಾಗ ಸೋರುವ ಮೂಲೆ. ತಲಾ ಒಂದು ಫೋಟೊ, ಕೆಳಗೆ ತಾರೀಖು ಮತ್ತು ಎರಡು ಸಾಲಿನ ಅಡಿಬರಹ. ಅವನ್ನು ಮುಂದಿನ ಎಸ್‌ಡಿಎಂಸಿ ಸಭೆಯ ಗೋಡೆಗೆ ಅಂಟಿಸಲಿ.