ಬಿ. ಎ. ಆಯಿತು, ರಾಜ್ಯಶಾಸ್ತ್ರವೂ ಆಯಿತು, ಮುಂದೆ?

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ನಮ್ಮ ತಂದೆಯವರು ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. ಒಂದು ಕಬ್ಬಿಣದ ಸರಳನ್ನು ಅವರ ಕೈಗೆ ಕೊಟ್ಟರೆ ಅದರಿಂದ ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ನೋಡಿದ ಕೂಡಲೆ ಹೇಳಬಲ್ಲರು. ಕಳೆದ ದೀಪಾವಳಿಯ ಮರುದಿನ ಅವರು ನನ್ನನ್ನು ಕೇಳಿದರು: "ಅಲ್ಲಮ್ಮಾ, ಐ.ಟಿ.ಐ. ಓದಿದ ಹುಡುಗ ಫಿಟ್ಟರ್ ಆಗ್ತಾನೆ. ಬಿ.ಕಾಂ. ಓದಿದವರು ಲೆಕ್ಕ ಬರೀತಾರೆ. ನೀನು ಓದೋ ರಾಜ್ಯಶಾಸ್ತ್ರದಲ್ಲಿ ಏನಾಗ್ತಾರೆ?" ಹಿಂದಿನ ರಾತ್ರಿಯಷ್ಟೇ ಸಂವಿಧಾನದ 368ನೆಯ ವಿಧಿಯನ್ನು ಬಾಯಿಪಾಠ ಮಾಡಿದ್ದ ನಾನು ಉತ್ತರ ತೋಚದೆ ಒಳಗೆ ಹೋಗಿ ಕಾಫಿ ಲೋಟ ತೊಳೆದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು. ನಮ್ಮ ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಕಥೆ ಇದೇ ಎಂದು ಬಲ್ಲೆ. ಆದ್ದರಿಂದ ತಂದೆಯವರ ಪ್ರಶ್ನೆ ನನ್ನೊಬ್ಬಳದಲ್ಲ. ಅದನ್ನು ಈ ಸಂಚಿಕೆಯ ಪುಟಗಳಲ್ಲಿ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವ ಧೈರ್ಯ ಮಾಡಿದ್ದೇನೆ.

ವಿಜಯನಗರದಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದು ಗೋಡೆಗೋಡೆಗೂ ಅಂಟಿಕೊಂಡಿದೆ. ಬಸ್ ನಿಲ್ದಾಣದಿಂದ ಅತ್ತಿಗುಪ್ಪೆಯವರೆಗೆ, ಅಲ್ಲಿಂದ ಚಂದ್ರಾ ಬಡಾವಣೆಯವರೆಗೆ ನಡೆದು ನೋಡಿ: ಐ.ಎ.ಎಸ್., ಕೆ.ಎ.ಎಸ್., ಪಿ.ಡಿ.ಒ., ಪಿ.ಎಸ್.ಐ. ಹೂವಿನಂಗಡಿಯ ಮೇಲೆ ಒಂದು ತರಬೇತಿ ಕೇಂದ್ರ, ಇಡ್ಲಿ ಹೋಟೆಲಿನ ಮೇಲೆ ಇನ್ನೊಂದು. ಹಂಪಿನಗರದ ನಗರ ಕೇಂದ್ರ ಗ್ರಂಥಾಲಯದಲ್ಲಿ ಕುರ್ಚಿ ಬೇಕಾದರೆ ಬಾಗಿಲು ತೆರೆಯುವುದಕ್ಕೆ ಮೊದಲೇ ಹೋಗಿ ನಿಲ್ಲಬೇಕು. ಬೀದರ್, ರಾಯಚೂರು, ವಿಜಯಪುರ, ಚಾಮರಾಜನಗರ, ಯಾವ ಜಿಲ್ಲೆಯ ಮಾತು ಬೇಕೋ ಆ ಸಾಲಿನಲ್ಲಿ ಕೇಳಿಸುತ್ತದೆ. ಕರ್ನಾಟಕದ ಏಕೀಕರಣವನ್ನು ಕಣ್ಣಾರೆ ನೋಡಬೇಕೆಂಬುವರು ಬೆಳಗ್ಗೆ ಅಲ್ಲಿಗೆ ಬರಬೇಕು!

ಆ ಶ್ರಮವನ್ನು ಹಾಸ್ಯ ಮಾಡುವವಳು ನಾನಲ್ಲ. ಆದರೆ ಲೆಕ್ಕವನ್ನು ಒಮ್ಮೆ ಕಣ್ಣು ಬಿಟ್ಟು ನೋಡೋಣ. 2023ರ ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಕೊನೆಗೆ ಆಯ್ಕೆಯಾದವರು 1,016. ಸಾವಿರಕ್ಕೆ ಒಬ್ಬರು. ಅಂತರರಾಷ್ಟ್ರೀಯ ಸಂಬಂಧಗಳೆಂಬ ಪತ್ರಿಕೆಯನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ರಾಯಭಾರಿಯಾಗುವ ಕನಸು ಬೀಳುವುದುಂಟು. ಆ ವರ್ಷ ವಿದೇಶಾಂಗ ಸೇವೆಗೆ ಇದ್ದ ಸ್ಥಾನಗಳು ಇಡೀ ದೇಶಕ್ಕೆ 37. ಮಂಗಳೂರಿನಲ್ಲಿ ಹುಟ್ಟಿದ ಬಿ. ಎನ್. ರಾಯರು ಸಂವಿಧಾನ ಸಭೆಗೆ ಸಲಹೆಗಾರರಾಗಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿಯೇ. ಆದರೆ ಹೆಮ್ಮೆ ಬೇರೆ, ಜೀವನೋಪಾಯ ಬೇರೆ.

ಇನ್ನು ಭಾಷೆಯ ಮಾತು. ಕೊಠಾರಿ ಸಮಿತಿಯ ಸಲಹೆಯಂತೆ 1979ರಿಂದ ಕೇಂದ್ರದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೆಂಬುದೇನೋ ನಿಜ. ಆದರೆ ಆ ಬಾಗಿಲಿಗೆ ಮುಟ್ಟುವ ಮೊದಲು ದಾಟಬೇಕಾದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷು, ಹಿಂದಿಗಳಲ್ಲಿ ಮಾತ್ರ. ನಮ್ಮ ರಾಜ್ಯದ ಪರೀಕ್ಷೆಯಲ್ಲಾದರೂ ಕನ್ನಡಕ್ಕೆ ಕ್ಷೇಮವುಂಟೇ? 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಭಾಷಾಂತರ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆಯೂ ಆಯಿತು. ಅದರಲ್ಲಿಯೂ ತಪ್ಪುಗಳಿವೆಯೆಂಬ ದೂರುಗಳು ಬಂದುವು. 1963ರಲ್ಲಿಯೇ ರಾಜಭಾಷಾ ಅಧಿನಿಯಮ ಮಾಡಿಕೊಂಡ ನಾಡಿನಲ್ಲಿ, ಆಡಳಿತದ ಒಂದು ವಾಕ್ಯವನ್ನು ತಪ್ಪಿಲ್ಲದೆ ಕನ್ನಡಕ್ಕೆ ತರುವ ಕೈ ಇಷ್ಟು ಅಪರೂಪವಾಯಿತೆ? ಈ ಮಾತನ್ನು ನೆನಪಿನಲ್ಲಿಡಿ; ಮತ್ತೆ ಇದಕ್ಕೇ ಬರುತ್ತೇನೆ.

ನಮ್ಮ ವಠಾರದ ಮೇಲಂತಸ್ತಿನ ಕೋಣೆಯಲ್ಲಿ ಸಿಂದಗಿಯ ಕಡೆಯವರೊಬ್ಬರು ಬಾಡಿಗೆಗಿದ್ದಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಎಂ.ಎ. ಮುಗಿಸಿ ಆರು ವರ್ಷದಿಂದ ಪರೀಕ್ಷೆಗಳನ್ನು ಬರೆಯುತ್ತಿದ್ದಾರೆ. ಎರಡು ಸಲ ಮುಖ್ಯ ಪರೀಕ್ಷೆಯವರೆಗೆ ಹೋಗಿ ಬಂದವರು. ಊರಿನಲ್ಲಿ ನಾಲ್ಕೆಕರೆ ಒಣಭೂಮಿ. ಅವರ ತಾಯಿ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕಳಿಸುವ ರೊಟ್ಟಿಯ ಗಂಟನ್ನು ಬಿಡಿಸಿದಾಗ ನಮಗೂ ಪಾಲು ಬರುತ್ತದೆ. ಫಲಿತಾಂಶ ಬಂದ ದಿನ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ; ಮರುದಿನ ಬೆಳಗ್ಗೆ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಗ್ರಂಥಾಲಯದ ದಾರಿ ಹಿಡಿಯುತ್ತಾರೆ.

ಹೋದ ವರ್ಷ ನಮ್ಮ ಗಲ್ಲಿಯ ಅಜ್ಜಿಯೊಬ್ಬರಿಗೆ ಬರುತ್ತಿದ್ದ ಪಿಂಚಣಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅವರು ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಬ್ಯಾಂಕಿಗೆ ಹೋಗೆಂದರು. ಬ್ಯಾಂಕಿನಲ್ಲಿ ಮತ್ತೆ ಕಚೇರಿಗೆ ಹೋಗೆಂದರು. ಏಳು ತಿಂಗಳು ಹೀಗೆಯೇ ಕಳೆದುವು. ಒಂದು ಭಾನುವಾರ ಸಂಜೆ ಅಣ್ಣ ಮೆಟ್ಟಿಲ ಮೇಲೆ ಕುಳಿತು ಅಜ್ಜಿಯ ಕಾಗದಗಳನ್ನೆಲ್ಲ ಹರಡಿ, ನನಗೆ ಪೆನ್ನು ಹಿಡಿಸಿ, 2005ರ ಮಾಹಿತಿ ಹಕ್ಕು ಅಧಿನಿಯಮದ ಕೆಳಗೆ ಒಂದು ಅರ್ಜಿ ಬರೆಸಿದರು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಾನು ಮೊದಲು ಬರೆದದ್ದು ಒಂದೂವರೆ ಪುಟ. ಅದರಲ್ಲಿ ಅಜ್ಜಿಯ ಕಷ್ಟವಿತ್ತು, ನನ್ನ ಸಿಟ್ಟಿತ್ತು, ಪ್ರಶ್ನೆಯೇ ಇರಲಿಲ್ಲ. ಅಣ್ಣ ಒಂದೊಂದಾಗಿ ಹೊಡೆದುಹಾಕಿಸಿ ಉಳಿಸಿದ್ದು ಮೂರು ಪ್ರಶ್ನೆ: ಹಣ ಮಂಜೂರಾಗಿದೆಯೇ, ಯಾವ ದಿನಾಂಕದಂದು ಯಾವ ಖಾತೆಗೆ ಹೋಗಿದೆ, ಹೋಗದಿದ್ದರೆ ಕಾರಣವೇನು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು. ಮೂವತ್ತು ದಿನದ ಗಡುವಿನಲ್ಲಿ ಇಪ್ಪತ್ತೇಳನೆಯ ದಿನ ಉತ್ತರ ಬಂತು. ಅಜ್ಜಿಯ ಆಧಾರ್ ಸಂಖ್ಯೆ ಅವರು ಎಂದೋ ಬಿಟ್ಟ ಬೇರೊಂದು ಬ್ಯಾಂಕಿನ ಖಾತೆಗೆ ಜೋಡಣೆಯಾಗಿಬಿಟ್ಟಿತ್ತು, ಅಷ್ಟೇ. ಅದನ್ನು ಸರಿಪಡಿಸುವುದಕ್ಕೆ ಅರ್ಧ ದಿನ ಸಾಕಾಯಿತು.

ಆ ರಾತ್ರಿ ಅಣ್ಣ ಹೇಳಿದ ಮಾತು: "ತಂಗಿ, ಆರು ವರ್ಷದಾಗ ನಾ ಎಷ್ಟು ಓದೀನಿ ಅಂತ ಕೇಳಬ್ಯಾಡ. ಓದಿದ್ದು ಎಷ್ಟು ಮಂದಿಗೆ ಬಂತು ಅಂತ ಕೇಳು. ಇದೊಂದ ನೋಡು."

ಆಗ ನನಗೆ ಹೊಳೆದದ್ದು ಇದು: ತಂದೆಯವರ ಪ್ರಶ್ನೆಗೆ ಉತ್ತರ ಆ ಅರ್ಧ ಹಾಳೆಯಲ್ಲಿತ್ತು. ಸರ್ಕಾರವೆಂಬ ಯಂತ್ರ ಎಲ್ಲಿ ಸಿಕ್ಕಿಕೊಂಡಿದೆಯೆಂದು ಕಂಡುಹಿಡಿದು, ಅದನ್ನು ಸರಿಯಾದ ಕನ್ನಡದಲ್ಲಿ ಸರಿಯಾದ ಕಡೆಗೆ ಬರೆಯುವುದು ಒಂದು ಕಸುಬು. ಲೇತಿನ ಕೆಲಸದಂತೆಯೇ ಅದಕ್ಕೂ ಅಳತೆಯುಂಟು, ಪಳಗಿದ ಕೈ ಬೇಕು. ನಮಗೆ ಮೂರು ವರ್ಷ ಪ್ಲೇಟೋನಿಂದ ಮೊದಲುಗೊಂಡು ಎಲ್ಲವನ್ನೂ ಕಲಿಸಿದರು. ಈ ಕೈಕೆಲಸವೊಂದನ್ನು ಕಲಿಸಲಿಲ್ಲ. ಗುರುಗಳು ಮುನಿಯಬಾರದು. ಅವರಲ್ಲಿ ಹಲವರು ಅತಿಥಿ ಉಪನ್ಯಾಸಕರು. ವರ್ಷದಿಂದ ವರ್ಷಕ್ಕೆ ತಮ್ಮ ಕೆಲಸವೇ ಉಳಿದೀತೋ ಇಲ್ಲವೋ ಎಂಬ ಚಿಂತೆಯಲ್ಲಿ ಪಾಠ ಹೇಳುವವರು. ಅತಿಥಿಯನ್ನು ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸುವ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕಸುಬಿಗೆ ಸಂಬಳ ಎಲ್ಲಿ ಎಂದು ಕೇಳುವಿರಿ. ಅದೇ ನನ್ನ ವಾದದ ಗಂಟು. ನಮ್ಮ ವಿಧಾನಸಭೆಯಲ್ಲಿ 224 ಸದಸ್ಯರು, ಪರಿಷತ್ತಿನಲ್ಲಿ 75. ಆಯವ್ಯಯದ ಪುಸ್ತಕಗಳ ರಾಶಿಯೂ ಮಸೂದೆಗಳೂ ಇವರ ಮುಂದೆ ಬಂದು ಬೀಳುತ್ತವೆ. ಅವನ್ನು ಓದಿ, ಈ ಕಲಮಿನಿಂದ ನಿಮ್ಮ ಕ್ಷೇತ್ರಕ್ಕೆ ಹೀಗಾಗುತ್ತದೆ ಸ್ವಾಮೀ ಎಂದು ನಾಲ್ಕು ಪುಟದಲ್ಲಿ ಬರೆದುಕೊಡುವವರು ಬೇಡವೇ? ದೆಹಲಿಯಲ್ಲಿ ಪಿ.ಆರ್.ಎಸ್. ಎಂಬ ಸಂಸ್ಥೆ 2010ರಿಂದ 'ಲ್ಯಾಂಪ್' ಎಂಬ ಯೋಜನೆಯಲ್ಲಿ ತರುಣ ಪದವೀಧರರನ್ನು ಆಯ್ದು ಒಬ್ಬೊಬ್ಬ ಸಂಸತ್ಸದಸ್ಯರ ಜತೆಗೆ ಇಂಥ ಕೆಲಸಕ್ಕೆ ಕಳಿಸುತ್ತಿದೆ. ಒಳ್ಳೆಯದು, ಆದರೆ ಅಲ್ಲಿ ಇಂಗ್ಲಿಷ್ ಬಾರದವರಿಗೆ ಜಾಗವಿಲ್ಲ. ನಮ್ಮ ಶಾಸಕರಾದರೋ ಸದನದಲ್ಲಿ ಮಾತನಾಡುವುದು ಕನ್ನಡದಲ್ಲಿ, ಜನ ಅವರಿಗೆ ಅರ್ಜಿ ಕೊಡುವುದು ಕನ್ನಡದಲ್ಲಿ. ಪ್ರತಿ ಶಾಸಕರಿಗೂ ಸರ್ಕಾರಿ ಕಾಲೇಜಿನ ಒಬ್ಬ ರಾಜ್ಯಶಾಸ್ತ್ರ ಪದವೀಧರ ಸಹಾಯಕನನ್ನು, ಆಯ್ಕೆಯ ಪರೀಕ್ಷೆ ನಡೆಸಿ, ಎರಡು ವರ್ಷದ ಅವಧಿಗೆ, ಶಾಸನಸಭೆಯ ಸಚಿವಾಲಯವೇ ಸಂಬಳ ಕೊಟ್ಟು ನೇಮಿಸಲಿ. 299 ಜನರ ಸಂಬಳ ರಾಜ್ಯದ ಬೊಕ್ಕಸಕ್ಕೆ ಭಾರವಾದೀತೆಂದು ನನಗೆ ತೋರುವುದಿಲ್ಲ. ಶಾಸಕರು ತಮ್ಮ ನೆಂಟರ ಮಗನನ್ನೇ ತುಂಬಿಕೊಂಡಾರೆಂದು ನನ್ನ ಗೆಳತಿ ಹೇಳುತ್ತಾಳೆ. ಅದಕ್ಕೇ ಪರೀಕ್ಷೆ ಇರಬೇಕೆಂದದ್ದು. ಅದರ ಪ್ರಶ್ನೆಪತ್ರಿಕೆ ಮೊದಲು ಕನ್ನಡದಲ್ಲಿಯೇ ಹುಟ್ಟಿರಬೇಕೆಂಬುದು ನನ್ನ ಇನ್ನೊಂದು ಷರತ್ತು.

ಗ್ರಾಮ ಪಂಚಾಯಿತಿಯ ಕಡೆ ನಮ್ಮವರು ನೋಡುವುದು ಪಿ.ಡಿ.ಒ. ಹುದ್ದೆಗಾಗಿ ಮಾತ್ರ. ನಜೀರ್ ಸಾಬರು 1983ರ ಕಾಯಿದೆಯಿಂದ ಅಧಿಕಾರವನ್ನು ಜಿಲ್ಲೆಗೂ ಹಳ್ಳಿಗೂ ಇಳಿಸಹೊರಟದ್ದನ್ನು ನಾವು ಐದು ಅಂಕದ ಟಿಪ್ಪಣಿಯಾಗಿ ಓದುತ್ತೇವೆ. ರಾಜ್ಯದಲ್ಲಿರುವ ಸುಮಾರು ಆರು ಸಾವಿರ ಪಂಚಾಯಿತಿಗಳಲ್ಲಿ ಒಂದರ ಗ್ರಾಮಸಭೆಯಲ್ಲಿಯಾದರೂ ಕುಳಿತು ನೋಡಿದವರು ನಮ್ಮ ತರಗತಿಯಲ್ಲಿ ಮೂವರೇ. ನಗರದವರ ಪಾಡು ಇದಕ್ಕಿಂತ ಮೇಲಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯಿಲ್ಲದೆಯೇ ಕಳೆದುವು. ಸ್ಥಳೀಯ ಸ್ವಯಮಾಡಳಿತವೆಂಬ ಪಾಠವನ್ನು ನಾವು, ಆನೆಯನ್ನು ಚಿತ್ರದಲ್ಲಿ ನೋಡಿದಂತೆ ಓದಿದೆವು.

ನಮ್ಮ ಮೆಟ್ರೋ ನಿಲ್ದಾಣದಿಂದ ಪೂರ್ವಕ್ಕೆ ಹೊರಟರೆ ಆರನೆಯ ನಿಲ್ದಾಣ ವಿಧಾನಸೌಧ. ಇತ್ತ ಕೆಂಗೇರಿಯ ಕಡೆಗೆ ಹೊರಟರೆ ಆರನೆಯದು ಜ್ಞಾನಭಾರತಿ. ಹತ್ತಿರದ ನಾಗರಭಾವಿಯಲ್ಲಿ ವಿ. ಕೆ. ಆರ್. ವಿ. ರಾಯರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯಿದೆ. ರಾಷ್ಟ್ರೀಯ ಕಾನೂನು ಶಾಲೆಯಿದೆ, ಅಲ್ಲಿ 2014ರಿಂದ ಸಾರ್ವಜನಿಕ ನೀತಿಯಲ್ಲಿಯೇ ಸ್ನಾತಕೋತ್ತರ ಪದವಿ ಕೊಡುತ್ತಾರೆ. ಇಷ್ಟು ಹತ್ತಿರದಲ್ಲಿದ್ದೂ ನಮ್ಮ ಕಾಲೇಜಿನಿಂದ ಅಲ್ಲಿಗೆ ಹೋದವರ ಹೆಸರನ್ನು ನಾನು ಕೇಳಿಲ್ಲ. ಇಂಗ್ಲಿಷಿನ ಗೋಡೆ ಎತ್ತರ, ಶುಲ್ಕದ ಗೋಡೆ ಇನ್ನೂ ಎತ್ತರ, ಒಪ್ಪಿದೆ. ಆದರೆ ಅಲ್ಲಿ ನಡೆಯುವ ಒಂದು ಉಪನ್ಯಾಸಕ್ಕೆ ನಮ್ಮನ್ನು ಕರೆದುಕೊಂಡು ಹೋಗುವುದಕ್ಕೆ ಬಸ್ಸಿನ ಚೀಟಿಗಿಂತ ಹೆಚ್ಚಿನ ಖರ್ಚೇನಿದೆ? ಈ ವರ್ಷ ಉದ್ಯೋಗ ಮಾರ್ಗದರ್ಶನವೆಂದು ನಮ್ಮ ಸಭಾಂಗಣಕ್ಕೆ ಬಂದವರು ಮೂರು ಮಂದಿ. ಮೂವರೂ ತರಬೇತಿ ಕೇಂದ್ರದವರು, ಮೂವರೂ ರಿಯಾಯಿತಿಯ ಚೀಟಿ ಹಂಚಿದರು. ಒಬ್ಬ ವರದಿಗಾರ, ಒಬ್ಬ ವಕೀಲ, ಸರ್ಕಾರದ ಭಾಷಾಂತರ ನಿರ್ದೇಶನಾಲಯದವರೊಬ್ಬರು ಬಂದಿದ್ದರೆ ನಮಗೆ ಹೊಸ ಮಾತೇನಾದರೂ ಕಿವಿಗೆ ಬೀಳುತ್ತಿತ್ತು. ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಕೂಡ ದಾಟದೆ ಪತ್ರಿಕೆ ನಡೆಸಿ, ಕನ್ನಡದಲ್ಲಿ ರಾಜ್ಯಶಾಸ್ತ್ರ ಬರೆದು, ಸಾರ್ವಜನಿಕ ವಿಚಾರಕ್ಕೆಂದೇ 1945ರಲ್ಲಿ ಗೋಖಲೆ ಸಂಸ್ಥೆಯನ್ನು ಸ್ಥಾಪಿಸಿದರು. ಪದವಿ ಪಡೆದ ನಾವು ಅದರ ಹೊಸ್ತಿಲನ್ನಾದರೂ ಮೆಟ್ಟಿ ನೋಡಬಾರದೆ?

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕೇಂದ್ರದ ಆಯೋಗ ಸಾಮಾನ್ಯ ವರ್ಗದವರಿಗೆ ಆರು ಸಲ, ಹಿಂದುಳಿದ ವರ್ಗದವರಿಗೆ ಒಂಬತ್ತು ಸಲ ಅವಕಾಶ ಕೊಡುತ್ತದೆ. ಮನೆ ಎರಡನ್ನೂ ಕೊಡುವುದಿಲ್ಲ. ಗಂಡುಮಗ ಮೂವತ್ತರವರೆಗೆ ಓದಿದರೆ ತಪಸ್ಸು. ಹೆಣ್ಣುಮಗಳು ಇಪ್ಪತ್ತಮೂರರವರೆಗೆ ಓದಿದರೆ ಹಟ. ಆದಕಾರಣ, ಹತ್ತು ವರ್ಷ ಕಾದರೆ ಫಲ ಕೊಡುವ ಮರ ನಮಗೆ ಸಾಲದು. ಎರಡು ವರ್ಷದಲ್ಲಿ ನಾಲ್ಕು ಕಾಸು ತರುವ ವಿದ್ಯೆಯೂ ಇದೇ ಶಾಸ್ತ್ರದಿಂದ ಹೊರಡಬೇಕು. ಶಾಸಕರ ಸಹಾಯಕಿ, ಪತ್ರಿಕೆಯ ವರದಿಗಾರ್ತಿ, ಭಾಷಾಂತರಕಾರ್ತಿ, ಕಾನೂನು ನೆರವು ಕೇಂದ್ರದ ಅರ್ಜಿ ಬರೆಯುವವಳು, ಯಾವುದಾದರೂ ಸರಿ.

ನಾನು ಜ್ಞಾನಭಾರತಿಯ ಎಂ.ಎ.ಗೆ ಅರ್ಜಿ ಹಾಕುವವಳಿದ್ದೇನೆ. ಸಂಜೆ ಭಾಷಾಂತರದ ಕೆಲಸ ಕಲಿಯುತ್ತೇನೆ. ಕೆ.ಎ.ಎಸ್. ಪರೀಕ್ಷೆಯನ್ನೂ ಎರಡು ಸಲ ಬರೆಯುತ್ತೇನೆ. ಮೂರನೆಯ ಸಲ ಇಲ್ಲವೆಂದು ಅಣ್ಣನ ಎದುರಿಗೆ ಹೇಳಿದಾಗ ಅವರು ನಕ್ಕು, "ನಾನೂ ಹಂಗ ಅಂದಿದ್ದೆ" ಎಂದರು. ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅಂದ್ರೆ ಅರ್ಜಿ ಬರೆಯೋ ಕೆಲಸ" ಎಂದರು. ಹೌದೆಂದೆ. "ಆ ಅಜ್ಜಿಗೆ ದುಡ್ಡು ಬಂತಲ್ಲ, ಅಂಥದ್ದಾ?" ಎಂದು ಕೇಳಿದರು. ಅಂಥದ್ದೇ ಎಂದೆ. ಮತ್ತೇನೂ ಕೇಳಲಿಲ್ಲ.

ಇದನ್ನು ಬರೆಯುತ್ತಿರುವಾಗ ಆ ಅಜ್ಜಿ ಪಕ್ಕದ ಬೀದಿಯ ಇನ್ನೊಬ್ಬರನ್ನು ಕರೆತಂದು ಜಗಲಿಯ ಮೇಲೆ ಕೂರಿಸಿದ್ದಾರೆ. ಅವರದು ಪಡಿತರ ಚೀಟಿಯ ತೊಂದರೆ. ಅಣ್ಣ ಊರಿಗೆ ಹೋಗಿದ್ದಾರಾಗಿ ಒಕ್ಕಣೆ ನನ್ನದೇ. ಎಣಿಸಿ ನೋಡಿದರೆ 162 ಪದ ಆಗಿದೆ. ಇನ್ನೂ ಹನ್ನೆರಡನ್ನು ತೆಗೆಯಬೇಕು.