ಫೋಟೊ ಬಂತು, ಮಗು ಬರಲಿಲ್ಲ

2024ರ ಸೆಪ್ಟೆಂಬರ್ 5ರಂದು ಚೀನಾದ ವಿದೇಶಾಂಗ ಸಚಿವಾಲಯದ ವಕ್ತಾರೆ ಮಾವೋ ನಿಂಗ್ ನಾಲ್ಕೇ ಮಾತಿನಲ್ಲಿ ವಿಷಯ ಮುಗಿಸಿದರು. ಚೀನಾದ ಮಕ್ಕಳನ್ನು ಇನ್ನು ವಿದೇಶಿಯರಿಗೆ ದತ್ತು ಕೊಡುವುದಿಲ್ಲ. ಹತ್ತಿರದ ರಕ್ತಸಂಬಂಧಿಗಳಿಗೆ ಮತ್ತು ಮಲಮಕ್ಕಳನ್ನು ದತ್ತು ಪಡೆಯುವವರಿಗೆ ಮಾತ್ರ ವಿನಾಯಿತಿ. 1992ರಿಂದ 1.6 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೊರದೇಶಗಳಿಗೆ ಕಳಿಸಿದ್ದ ವ್ಯವಸ್ಥೆ ಅಂದಿಗೆ ಮುಚ್ಚಿತು. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಹೋದದ್ದು ಅಮೆರಿಕಕ್ಕೆ.

ಅಲ್ಲಿನ ನೂರಾರು ಕುಟುಂಬಗಳು ಕೋವಿಡ್ ಶುರುವಾದಾಗಿನಿಂದ ಕಾಯುತ್ತಿದ್ದವು. ಎಷ್ಟೋ ಜನರಿಗೆ ಮಗು ಗೊತ್ತಾಗಿತ್ತು. ಫೋಟೊ, ವೈದ್ಯಕೀಯ ವರದಿ ಕೈಸೇರಿದ್ದವು, ಪ್ರಯಾಣದ ಅನುಮತಿಯಷ್ಟೇ ಬಾಕಿ. 2020ರಲ್ಲಿ ಐದು ವರ್ಷವಿದ್ದ ಮಗುವಿಗೆ 2024ರ ಹೊತ್ತಿಗೆ ಒಂಬತ್ತು. ಕೊನೆಕೊನೆಗೆ ಚೀನಾದಿಂದ ದತ್ತು ಹೋಗುತ್ತಿದ್ದವರಲ್ಲಿ ಬಹುಪಾಲು ವಿಶೇಷ ಆರೈಕೆ ಬೇಕಾದ ಮಕ್ಕಳು. ಹೃದಯದ ತೊಂದರೆ ಇರುವ ಮಗುವಿಗೆ ನಾಲ್ಕು ವರ್ಷ ಅಂದರೆ ಬರೀ ನಾಲ್ಕು ವರ್ಷವಲ್ಲ.

ಚೀನಾದ ಸಾಲು ಯಾವಾಗಲೂ ಇಷ್ಟು ಉದ್ದವಿರಲಿಲ್ಲ. 2005ರಲ್ಲಿ ಸುಮಾರು 7,900 ಮಕ್ಕಳು ಅಮೆರಿಕಕ್ಕೆ ಹೋದರು; ಕಡತ ದಾಖಲಾಗಿ ವರ್ಷದೊಳಗೆ ಮಗುವಿನ ವಿವರ ಬರುತ್ತಿತ್ತು. ಅರ್ಜಿಗಳು ಹೆಚ್ಚಿ ಮಕ್ಕಳು ಕಡಿಮೆಯಾದಂತೆ ಕಾಯುವ ಅವಧಿ ಐದು ವರ್ಷ ದಾಟಿತು. 2007ರ ಹೊಸ ನಿಯಮಗಳಂತೂ ಅರ್ಜಿದಾರರ ತೂಕವನ್ನೂ ಅಳೆದವು. ಬಾಡಿ ಮಾಸ್ ಇಂಡೆಕ್ಸ್ 40 ಮುಟ್ಟಿದವರು ಅಪ್ಪ–ಅಮ್ಮ ಆಗುವಂತಿಲ್ಲ! ಇತ್ತ ಅಮೆರಿಕದ ವಲಸೆ ಇಲಾಖೆ ಕೊಡುವ ಅನುಮೋದನೆಯ ಆಯುಸ್ಸು 15 ತಿಂಗಳು. ಅದು ಮುಗಿಯುವ ಮೊದಲೇ ಮನೆ ತಪಾಸಣೆಯ ವರದಿ ಹೊಸದಾಗಬೇಕು, ಬೆರಳಚ್ಚು ಮತ್ತೆ ಕೊಡಬೇಕು, ಮತ್ತೆ ಶುಲ್ಕ. ಕಾಯುವುದಕ್ಕೂ ದುಡ್ಡು ತೆರಬೇಕು.

ಕಾಂಗೋದ ಕಥೆ ಇನ್ನೂ ವಿಚಿತ್ರ. 2013ರಲ್ಲಿ ಅಲ್ಲಿನ ಸರ್ಕಾರ ದತ್ತುಮಕ್ಕಳಿಗೆ ದೇಶ ಬಿಡುವ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಕೋರ್ಟ್ ಆದೇಶದಿಂದ ಕಾನೂನುಬದ್ಧವಾಗಿ ತಂದೆ–ತಾಯಿ ಆದವರ ಎಷ್ಟೋ ಮಕ್ಕಳು 2016ರವರೆಗೆ ಅಲ್ಲೇ ಉಳಿದರು.

ಹಾಗೆಂದು ವಿದೇಶಿ ದತ್ತುಗಳ ಬಗೆಗಿನ ಅನುಮಾನಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ಚೀನಾದ ಹುನಾನ್ ಪ್ರಾಂತ್ಯದಲ್ಲಿ ದಲ್ಲಾಳಿಗಳು ಅನಾಥಾಲಯಗಳಿಗೆ ಶಿಶುಗಳನ್ನು ಮಾರುತ್ತಿದ್ದುದು 2005ರಲ್ಲಿ ಬಯಲಾಯಿತು. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ತನ್ನ ದೇಶದ ಹಳೆಯ ದತ್ತುಗಳಲ್ಲಿ ಸುಳ್ಳು ದಾಖಲೆ ಸೃಷ್ಟಿಯಾಗಿದ್ದನ್ನು ಎತ್ತಿ ತೋರಿಸಿತು. ಹೆತ್ತವರು ಬದುಕಿರುವಾಗಲೇ ‘ಅನಾಥ’ ಎಂದು ಬರೆಸಿಕೊಂಡು ವಿಮಾನ ಹತ್ತಿದ ಮಕ್ಕಳು ಇಂದು ನಡುವಯಸ್ಸಿನವರು, ಉತ್ತರ ಕೇಳುತ್ತಿದ್ದಾರೆ. ತಪಾಸಣೆಗೆ ತಗಲುವ ಸಮಯವನ್ನು ಯಾರೂ ದೂರಬಾರದು.

ದೂರಬೇಕಾದ್ದು ಮೌನವನ್ನು. ಭಾರತದಲ್ಲಿ ಕಡತ ಜಿಲ್ಲಾಧಿಕಾರಿಯ ಮೇಜಿಗೆ ಬಂದ ಮೇಲೆ ಎರಡು ತಿಂಗಳೊಳಗೆ ಆದೇಶವಾಗಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಪಾಲನೆ ಹೇಗೇ ಇರಲಿ, ಕೇಳಲು ಒಂದು ಗಡುವಾದರೂ ಇದೆ. ಚೀನಾಕ್ಕೆ ಅರ್ಜಿ ಹಾಕಿದ್ದವರಿಗೆ ಅದೂ ಇರಲಿಲ್ಲ.

ಹೀಗೆ ನಡುವೆಯೇ ಎಲ್ಲರನ್ನೂ ತಡೆಯುವುದರ ಬಗ್ಗೆ ಹಿಂದೆಯೇ ತೀರ್ಪೊಂದು ಬಂದಿದೆ. ಅಮೆರಿಕನ್ನರು ರಷ್ಯಾದ ಮಕ್ಕಳನ್ನು ದತ್ತು ಪಡೆಯದಂತೆ ಪುಟಿನ್ 2012ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ಸಹಿ ಹಾಕಿದರು. ಮಗುವನ್ನು ಕಂಡು, ಎತ್ತಿ ಆಡಿಸಿ ಬಂದಿದ್ದವರೂ ಅದರಲ್ಲಿ ಸಿಕ್ಕಿಬಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಅದನ್ನು ತಾರತಮ್ಯವೆಂದಿತು. ಪ್ರಕ್ರಿಯೆ ಎಲ್ಲಿಗೆ ಬಂದಿದೆಯೆಂದು ನೋಡದೆ ಎಲ್ಲರನ್ನೂ ಒಂದೇ ಏಟಿಗೆ ತಡೆದದ್ದನ್ನು ಆಕ್ಷೇಪಿಸಿತು. ಚೀನಾ ಆ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಹೊಸ ಅರ್ಜಿ ನಿಲ್ಲಿಸಿ, ಮಗು ಗೊತ್ತಾಗಿದ್ದ ಕಡತಗಳನ್ನಾದರೂ ಒಂದೊಂದಾಗಿ ತೆರೆದು ಹೌದು ಅಥವಾ ಇಲ್ಲ ಎನ್ನುವುದು ಅದರ ಕೈಲಿತ್ತು. ಅಷ್ಟನ್ನೂ ಮಾಡದಿದ್ದುದು ತಪ್ಪು.