ಏನೂ ಕೂಡಿಸದ ಪೆಟ್ಟಿಗೆ

ಮುಂಡರಗಿ ತಾಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಡದ ಊರು. ಅದೇ ತಾಲೂಕಿನ ಹಮ್ಮಿಗಿಯಲ್ಲಿ ನದಿಗೆ ಬ್ಯಾರೇಜು ಕಟ್ಟಿದ್ದಾರೆ; ಸಿಂಗಟಾಲೂರು ಏತ ನೀರಾವರಿ ಯೋಜನೆಯಲ್ಲಿ ಹೊಳೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ಕಾಲುವೆಗೆ ಬಿಡುತ್ತಾರೆ. ಹೊಳೆ ತಗ್ಗಿನಲ್ಲಿದೆ, ಹೊಲ ಎತ್ತರದಲ್ಲಿದೆ. ಆದ್ದರಿಂದ ಪಂಪು ಬೇಕು. ಆದರೆ ನೀರು ಒಮ್ಮೆ ಎತ್ತರದ ಕಾಲುವೆಗೆ ಬಂದಮೇಲೆ ಹೊಲಕ್ಕೆ ಹಾಯಿಸಲು ಪಂಪಿನ ಹಂಗಿಲ್ಲ; ಬೇಕಾದಷ್ಟು ಬಿಟ್ಟು ಬೇಡವಾದುದನ್ನು ತಡೆಯುವ ಒಂದು ತೂಬು ಸಾಕು. ಮನೆಯಲ್ಲಿ ಸಂಗೀತ ಕೇಳುವವರು ‘ಪ್ಯಾಸಿವ್ ಪ್ರಿಆಂಪ್ಲಿಫೈಯರ್’ ಎಂಬ ಪೆಟ್ಟಿಗೆಯನ್ನು ಮೆಚ್ಚುವುದರ ಗುಟ್ಟು ಈ ತೂಬಿನಲ್ಲಿಯೇ ಇದೆ.

ಉತ್ತಮ ದರ್ಜೆಯ ಧ್ವನಿಸಲಕರಣೆಯಲ್ಲಿ ಸಾಮಾನ್ಯವಾಗಿ ಸ್ಪೀಕರುಗಳಲ್ಲದೆ ಮೂರು ಅಂಗಗಳುಂಟು: ತಟ್ಟೆಯನ್ನು ನುಡಿಸುವ ಯಂತ್ರ, ಸ್ಪೀಕರುಗಳಿಗೆ ಶಕ್ತಿಯೂಡುವ ಪವರ್ ಆಂಪ್ಲಿಫೈಯರ್, ಇವೆರಡರ ನಡುವೆ ಪ್ರಿಆಂಪ್ಲಿಫೈಯರ್. ಸದ್ದನ್ನು ಏರಿಸಿ ಇಳಿಸುವ ಗುಂಡಿ ಇರುವುದು ಈ ನಡುವಣ ಪೆಟ್ಟಿಗೆಯಲ್ಲಿ. ರೂಢಿಯ ಪ್ರಿಆಂಪ್ಲಿಫೈಯರಿನೊಳಗೆ ಟ್ರಾನ್ಸಿಸ್ಟರುಗಳೋ ವಾಲ್ವುಗಳೋ ಇದ್ದು, ವಿದ್ಯುತ್ತಿನ ಬಲದಿಂದ ಸಂಕೇತವನ್ನು ಹೆಚ್ಚಿಸುತ್ತವೆ. ಪ್ಯಾಸಿವ್ ಬಗೆಯದರಲ್ಲಿ ಇವಾವುವೂ ಇಲ್ಲ. ಒಂದು ಸ್ವಿಚ್ಚು, ಒಂದು ವಾಲ್ಯೂಮ್ ಗುಂಡಿ, ಕೆಲವು ಸಾಕೆಟ್ಟುಗಳು. ಸಾದಾ ಮಾದರಿಗೆ ಗೋಡೆಯ ಪ್ಲಗ್ಗಿನ ಸಂಬಂಧವೇ ಇಲ್ಲ. ಅದು ತಗ್ಗಿಸಬಲ್ಲದು, ಹೆಚ್ಚಿಸಲಾರದು.

ಹಾಗಾದರೆ ಹಿಂದಿನವರು ಹೆಚ್ಚಿಸುವ ಪೆಟ್ಟಿಗೆಯನ್ನೇಕೆ ಇಟ್ಟುಕೊಂಡರು? ಅವರಿಗೆ ಅದು ಅನಿವಾರ್ಯವಾಗಿತ್ತು. ಲಾಂಗ್‌ಪ್ಲೇ ತಟ್ಟೆಯ ಮೇಲೆ ಓಡುವ ಮುಳ್ಳು ಹುಟ್ಟಿಸುವ ವಿದ್ಯುತ್ತು ಬಹಳ ಅಲ್ಪ. ಸಾಮಾನ್ಯ ಬಗೆಯ ಕಾರ್ಟ್ರಿಜ್ಜಿನಿಂದ ಸುಮಾರು 5 ಮಿಲಿವೋಲ್ಟ್ ಮಾತ್ರ. ಇದು ತಗ್ಗಿನ ಹೊಳೆಯ ನೀರು, ಮೇಲೆತ್ತದೆ ಗತಿಯಿಲ್ಲ. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಮಾರುಕಟ್ಟೆಗೆ ಬಂದಮೇಲೆ ಲೆಕ್ಕ ಬದಲಾಯಿತು. ಅದರ ಯಂತ್ರ ಸುಮಾರು 2 ವೋಲ್ಟ್ ಕೊಡುತ್ತದೆ. ಬಹಳಷ್ಟು ಪವರ್ ಆಂಪ್ಲಿಫೈಯರುಗಳು ತಮ್ಮ ಪೂರ್ಣ ಶಕ್ತಿಯನ್ನು ತೋರಲು 1ರಿಂದ 2 ವೋಲ್ಟ್ ಸಾಕು. ನಡುಮನೆಯಲ್ಲಿ ಕುಳಿತು ಹಿತವಾಗಿ ಕೇಳುವುದಕ್ಕೆ ಅನೇಕ ವೇಳೆ ಒಂದು ವಾಟ್ ಸಾಕಾಗುತ್ತದೆ. 1.5 ವೋಲ್ಟಿಗೆ 100 ವಾಟ್ ಕೊಡುವ ಆಂಪ್ಲಿಫೈಯರಿನಿಂದ ಒಂದು ವಾಟ್ ಪಡೆಯಲು 0.15 ವೋಲ್ಟ್ ಸಾಕು. ಅಂದರೆ ನಾವು ಮಾಡಬೇಕಾದುದು ಹೆಚ್ಚಿಸುವ ಕೆಲಸವಲ್ಲ, ಬಹುಪಾಲನ್ನು ತಡೆಯುವ ಕೆಲಸ. ರೂಢಿಯ ಅನೇಕ ಪೆಟ್ಟಿಗೆಗಳು ಸಂಕೇತವನ್ನು ಮೊದಲು ಗುಂಡಿಯಿಂದ ತಗ್ಗಿಸಿ, ಬಳಿಕ ಮತ್ತೆ ಹೆಚ್ಚಿಸುತ್ತವೆ. ಈ ಸುತ್ತುದಾರಿ ಏಕೆ ಎಂಬುದೇ ಪ್ಯಾಸಿವ್ ಪಕ್ಷದವರ ಪ್ರಶ್ನೆ.

ಗದಗಿನ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ನಾದವನ್ನು ಕಲಿಸಿದ ನೆಲ ಇದು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಈ ಸೀಮೆಯ ಮಗ. ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆಯನ್ನು ಕೇಳಿ ಅವರ ಮನಸ್ಸು ಸಂಗೀತಕ್ಕೆ ಒಲಿದುದು ಪ್ರಸಿದ್ಧ ಸಂಗತಿ. ಆ ದಿನಗಳ ಕೀಲಿ ಕೊಡುವ ಗ್ರಾಮಾಫೋನಿನಲ್ಲಿ ಆಂಪ್ಲಿಫೈಯರೇ ಇರಲಿಲ್ಲ. ಸದ್ದು ಕಡಿಮೆಯಾಗಬೇಕಾದರೆ ಮೃದುನಾದದ ಮುಳ್ಳು ಹಾಕುತ್ತಿದ್ದರು, ಇಲ್ಲವೇ ಮುಚ್ಚಳ ಇಳಿಸುತ್ತಿದ್ದರು. ತಡೆಯುವುದಷ್ಟೇ ಅಲ್ಲಿಯ ಉಪಾಯ.

ಗಾಯಕ ಬಾಯಿ ತೆರೆಯುವ ಮುನ್ನ ತಂಬೂರಿ ಮಾತ್ರ ಮಿಡಿಯುವ ಕ್ಷಣವಿದೆಯಲ್ಲ, ಅಲ್ಲಿ ಯಂತ್ರದ ಗುಂಯ್‌ಗುಟ್ಟುವಿಕೆ ಸಲ್ಲದು. ಪ್ಯಾಸಿವ್ ಪೆಟ್ಟಿಗೆಯಲ್ಲಿ ವರ್ಧಿಸುವ ಭಾಗವೇ ಇಲ್ಲದ್ದರಿಂದ ಆ ಭಾಗದ ಸದ್ದೂ ವಿಕಾರವೂ ಇಲ್ಲ. ಇದೇ ಅದರ ಆಕರ್ಷಣೆ. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು: ಇಂದಿನ ಒಳ್ಳೆಯ ಪ್ರಿಆಂಪ್ಲಿಫೈಯರುಗಳ ದೋಷ ಕಿವಿಗೆ ಸಿಕ್ಕದಷ್ಟು ಅಲ್ಪ, ತಲೆಯ ಮೇಲೆ ತಿರುಗುವ ಫ್ಯಾನಿನ ಸದ್ದು ಅದಕ್ಕಿಂತ ಎಷ್ಟೋ ದೊಡ್ಡದು.

ತೂಬಿಗೂ ಮಿತಿಯುಂಟು. ವಾಲ್ಯೂಮ್ ಗುಂಡಿ ಎಂದರೆ ಒಂದು ರೋಧಕ. ಅದು 10 ಕಿಲೋಓಮ್‌ನದಾದರೆ ಅದರ ಹೊರಬಾಯಿಯ ರೋಧ ಹೆಚ್ಚೆಂದರೆ ಕಾಲು ಪಾಲು, ಅಂದರೆ 2.5 ಕಿಲೋಓಮ್. ಒಂದು ಮೀಟರ್ ಕೇಬಲಿನಲ್ಲಿ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಇಷ್ಟರಿಂದ ಯಾವ ಹಾನಿಯೂ ಇಲ್ಲ. ಅದೇ 100 ಕಿಲೋಓಮ್‌ನ ಗುಂಡಿಯಿಟ್ಟು, ಐದು ಮೀಟರ್ ಕೇಬಲ್ ಎಳೆದರೆ, 12,700 ಹರ್ಟ್ಸ್ ಸುಮಾರಿಗೆ ಸಂಕೇತದ ಶಕ್ತಿ ಅರ್ಧಕ್ಕಿಳಿಯಬಹುದು. ತಾರಸ್ವರದ ಹೊಳಪು ಮಂಕಾಗುತ್ತದೆ. ಪ್ಯಾಸಿವ್ ಪೆಟ್ಟಿಗೆಯಿಂದ ಸಂಗೀತ ಸಪ್ಪೆಯಾಯಿತೆಂದು ದೂರುವವರಲ್ಲಿ ಕೆಲವರ ಕಷ್ಟಕ್ಕೆ ಇಂಥ ಹೊಂದಾಣಿಕೆಯ ಕೊರತೆಯೇ ಕಾರಣ.

ಆದ್ದರಿಂದ ಹಣ ತೆರುವ ಮುನ್ನ ಯಂತ್ರಗಳ ಜೊತೆಗೆ ಬಂದ ಪುಸ್ತಿಕೆಯನ್ನು ತೆರೆದು ನೋಡುವುದು ಲೇಸು. ನುಡಿಸುವ ಯಂತ್ರ 2 ವೋಲ್ಟ್ ಕೊಡುತ್ತದೆಯೇ? 10 ಕಿಲೋಓಮ್‌ನ ಗುಂಡಿಗಾದರೆ ಪವರ್ ಆಂಪ್ಲಿಫೈಯರಿನ ಇನ್‌ಪುಟ್ ಇಂಪೀಡೆನ್ಸ್ 47 ಕಿಲೋಓಮ್ ಅಥವಾ ಅದಕ್ಕಿಂತ ಹೆಚ್ಚಿದೆಯೇ? ಕೇಬಲ್ ಒಂದೆರಡು ಮೀಟರಿನೊಳಗೆ ಮುಗಿಯುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಈ ಬಡಪೆಟ್ಟಿಗೆಯನ್ನು ಧೈರ್ಯವಾಗಿ ಮನೆಗೆ ತರಬಹುದು. ಅಜ್ಜನ ಕಾಲದ ತಟ್ಟೆಗಳನ್ನೂ ನುಡಿಸುವ ಮನೆಯಾದರೆ ಅವುಗಳಿಗೆ ಬೇರೆಯೇ ಫೋನೋ ಆಂಪ್ಲಿಫೈಯರ್ ಬೇಕು. ಮೂರರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ರೂಢಿಯ ಪೆಟ್ಟಿಗೆಯೇ ಮೇಲು, ಅದಕ್ಕಾಗಿ ನಾಚಬೇಕಾದುದಿಲ್ಲ. ಬೆಲೆಯ ಪಟ್ಟಿ ನೋಡಿ ಕೊಳ್ಳುವವನಿಗಿಂತ ತನ್ನ ಮನೆಯ ಅಗತ್ಯವನ್ನು ಅಳೆದು ಕೊಳ್ಳುವವನೇ ಹೆಚ್ಚು ಸಂಗೀತ ಕೇಳುತ್ತಾನೆ.